ಪದದ ಬೆನ್ನು ಹತ್ತುವುದು ಹೇಗೆ: ಈಜಿಪ್ಟಿನಿಂದ ಗ್ರೀಸ್ ಮೂಲಕ ನಮ್ಮ ಅಡುಗೆಮನೆಯವರೆಗೆ

ನಮ್ಮ ಬೀದಿಯ ಕೊನೆಯಲ್ಲಿ ಒಂದು ಬೋರ್ಡ್ ಇದೆ. ಮೇಲಿನ ಸಾಲಿನಲ್ಲಿ 'ಸೇವಾ ಕೇಂದ್ರ', ಕೆಳಗಿನ ಸಾಲಿನಲ್ಲಿ 'ಸರ್ವಿಸ್ ಸೆಂಟರ್'. ನೋಡಿದವರಿಗೆ ಒಂದು ನಮ್ಮ ಪದ, ಇನ್ನೊಂದು ಇಂಗ್ಲಿಷ್ ಪದ. ಆದರೆ ಕೇಂದ್ರ ಮತ್ತು ಸೆಂಟರ್ ಒಂದೇ ತಾಯಿಯ ಮಕ್ಕಳು. ಗ್ರೀಕಿನಲ್ಲಿ 'ಕೆಂಟ್ರೊನ್' ಅಂದರೆ ಚೂಪು ಮೊನೆ, ಎತ್ತನ್ನು ತಿವಿಯುವ ಮುಳ್ಳುಗೋಲು. ವೃತ್ತ ಬರೆಯಲು ಕಂಪಾಸಿನ ಒಂದು ಕಾಲನ್ನು ಚುಚ್ಚಿ ನಿಲ್ಲಿಸುತ್ತೇವಲ್ಲ, ಆ ಚುಚ್ಚಿದ ಜಾಗಕ್ಕೂ ಅದೇ ಹೆಸರಾಯಿತು. ಒಂದು ಕವಲು ಲ್ಯಾಟಿನ್, ಫ್ರೆಂಚ್ ದಾಟಿ 'ಸೆಂಟರ್' ಆಯಿತು. ಇನ್ನೊಂದು ಕವಲು ಗ್ರೀಕ್ ಜ್ಯೋತಿಷ್ಯದ ಜೊತೆ ಭಾರತಕ್ಕೆ ಬಂದು ಸಂಸ್ಕೃತದಲ್ಲಿ 'ಕೇಂದ್ರ' ಆಯಿತು. ಜಾತಕದಲ್ಲಿ 1, 4, 7, 10ನೇ ಮನೆಗಳಿಗೆ ಇವತ್ತಿಗೂ ಕೇಂದ್ರ ಅನ್ನುತ್ತಾರೆ. ಅದು ಆ ಪ್ರಯಾಣದ ಹಳೆಯ ಟಿಕೆಟ್ ಇದ್ದ ಹಾಗೆ.

ಇಂಥದ್ದು ಒಂದು ಸಲ ಗೊತ್ತಾದರೆ ಹುಚ್ಚು ಹಿಡಿಯುತ್ತದೆ. ನನಗೂ ಹಿಡಿಯಿತು. ಮೊದಲ ವರ್ಷ ನಾನು ಮಾಡಿದ್ದು ಪೂರ್ತಿ ತಪ್ಪು ಕೆಲಸ. ಸುಮ್ನೆ ಎರಡು ಪದ ಪಕ್ಕಪಕ್ಕ ಇಟ್ಟು, ಒಂದೇ ಥರ ಕೇಳಿಸಿದರೆ ಸಾಕು, ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿಬಿಡುತ್ತಿದ್ದೆ. ಆಮೇಲೆ ನಿಧಾನವಾಗಿ ದಾರಿ ಗೊತ್ತಾಯಿತು. ಆ ದಾರಿಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಭಾಷಾಶಾಸ್ತ್ರದ ಡಿಗ್ರಿ ಬೇಡ. ಒಂದು ನೋಟ್‌ಬುಕ್, ಒಂದು ಪೆನ್, ಒಂದು ಪೆನ್ಸಿಲ್ ಬೇಕು. ಪೆನ್ಸಿಲ್ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು: ನೋಟ್‌ಬುಕ್ಕಿನಲ್ಲಿ ಐದು ಕಂಬ

ಪುಟದ ಮೇಲೆ ಐದು ಕಂಬ ಎಳೆಯಿರಿ. ಪದದ ರೂಪ, ಭಾಷೆ, ಕಾಲ, ಅರ್ಥ, ಎಲ್ಲಿ ಸಿಕ್ಕಿತು. ಒಂದೊಂದು ನಿಲ್ದಾಣಕ್ಕೆ ಒಂದೊಂದು ಸಾಲು. ಶಾಸನದಲ್ಲೋ, ಹಾಳೆಯಲ್ಲೋ, ಮಣ್ಣಿನ ಹಲಗೆಯಲ್ಲೋ ಬರೆದದ್ದು ಸಿಕ್ಕಿದ್ದರೆ ಪೆನ್ನಿನಲ್ಲಿ ಬರೆಯಿರಿ. 'ಇದ್ದಿರಬೇಕು' ಎಂದು ಊಹಿಸಿದ್ದರೆ ಪೆನ್ಸಿಲ್. ದೊಡ್ಡ ವಿದ್ವಾಂಸರ ಊಹೆಯೂ ಪೆನ್ಸಿಲ್ಲಿನಲ್ಲೇ.

ಹೆಜ್ಜೆ 1: ಹಿಂದಕ್ಕೆ ನಡೆಯಿರಿ, ಹಾರಬೇಡಿ

ಇವತ್ತಿನ ರೂಪದಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ಸಕ್ಕರೆ ಡಬ್ಬಿಯಿಂದಲೇ ಶುರು ಮಾಡೋಣ.

ಶಾಲೆಯಲ್ಲಿ ತತ್ಸಮ-ತದ್ಭವ ಬಾಯಿಪಾಠ ಮಾಡಿದ್ದೀರಿ ಅಲ್ವಾ? ಶರ್ಕರಾ, ಸಕ್ಕರೆ. ಸಂಸ್ಕೃತದ ಶರ್ಕರಾ ಎಂದರೆ ಮೊದಲು ಗರಸು, ಸಣ್ಣ ಕಲ್ಲು. ಹರಳುಗಟ್ಟಿದ ಕಬ್ಬಿನ ರಸ ಗರಸಿನ ಹಾಗೆ ಕಂಡಿದ್ದಕ್ಕೆ ಆ ಹೆಸರು. ಪ್ರಾಕೃತದಲ್ಲಿ ಅದು 'ಸಕ್ಕರಾ', ಕನ್ನಡದಲ್ಲಿ 'ಸಕ್ಕರೆ'.

ಈಗ ಪಶ್ಚಿಮಕ್ಕೆ ನೋಡಿ. 1ನೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಒಬ್ಬ ಗ್ರೀಕ್ ವ್ಯಾಪಾರಿ ಕೆಂಪು ಸಮುದ್ರದಿಂದ ಭಾರತದವರೆಗಿನ ಬಂದರುಗಳ ಕೈಪಿಡಿ ಬರೆದ. ಪೆರಿಪ್ಲಸ್ ಎಂದು ಅದಕ್ಕೆ ಹೆಸರು. ಗುಜರಾತಿನ ಭರೂಚ್ ಕಡೆಯಿಂದ ಆಫ್ರಿಕಾದ ಕರಾವಳಿಗೆ ಹೋಗುವ ಸರಕಿನ ಪಟ್ಟಿಯಲ್ಲಿ ತುಪ್ಪ, ಎಳ್ಳೆಣ್ಣೆ, ಅಕ್ಕಿಯ ಜೊತೆಗೆ 'ಸಕ್ಖರಿ ಎಂಬ ಜೊಂಡಿನ ಜೇನು' ಎಂದೂ ಬರೆದಿದ್ದಾನೆ.

ಇಲ್ಲಿ ಸ್ವಲ್ಪ ನಿಂತು ನೋಡಿ. ಗ್ರೀಕ್ ರೂಪದಲ್ಲಿ 'ರ್ಕ' ಇಲ್ಲ, 'ಕ್ಖ' ಇದೆ. ಗ್ರೀಕರಿಗೆ 'ರ್ಕ' ಹೇಳಲು ಏನೂ ಕಷ್ಟವಿಲ್ಲ. ಕರಡಿಗೆ ಅವರು 'ಅರ್ಕ್ಟೊಸ್' ಅನ್ನುತ್ತಿದ್ದರು. ಅಂದರೆ ಅವರು ಈ ಪದ ಕೇಳಿದ್ದು ಶರ್ಕರಾ ಅನ್ನುವ ಪಂಡಿತರ ಬಾಯಿಂದ ಅಲ್ಲ. ಸಕ್ಕರಾ ಎನ್ನುತ್ತಿದ್ದ ಬಂದರಿನ ವ್ಯಾಪಾರಿಗಳ ಬಾಯಿಂದ. ಒಂದು ಅಕ್ಷರ ಬಿದ್ದುಹೋದದ್ದರಿಂದ ಯಾರು ಯಾರ ಜೊತೆ ಮಾತಾಡಿದರು ಅನ್ನುವುದೇ ಗೊತ್ತಾಗುತ್ತದೆ. ನಮ್ಮ ಸಕ್ಕರೆ, ಗ್ರೀಕರ ಸಕ್ಖರಿ ಎರಡೂ ಪ್ರಾಕೃತದ ಮನೆಯಿಂದಲೇ ಹೊರಟವು. 1879ರಲ್ಲಿ ಕಂಡುಹಿಡಿದ ಸ್ಯಾಕರಿನ್‌ಗೆ ಹೆಸರು ಸಿಕ್ಕಿದ್ದು ಆ ಗ್ರೀಕ್ ಕವಲಿನಿಂದ. ಇಂಗ್ಲಿಷಿನ 'ಶುಗರ್' ಬಂದ ದಾರಿ ಬೇರೆ: ಪರ್ಷಿಯನ್, ಅರಬ್ಬಿ, ಇಟಲಿ, ಫ್ರಾನ್ಸ್.

ನೇರವಾಗಿ 'ಶರ್ಕರಾದಿಂದ ಶುಗರ್' ಎಂದು ಹಾರಿದ್ದರೆ ಇದೆಲ್ಲ ತಪ್ಪಿಹೋಗುತ್ತಿತ್ತು.

ಹೆಜ್ಜೆ 2: ಸರಿಯಾದ ನಿಘಂಟು

ಇದನ್ನು ಬೇಗ ಮುಗಿಸುತ್ತೇನೆ. ವಿಕ್ಷನರಿಯಿಂದ ಶುರು ಮಾಡಿ, ಆದರೆ ಅಲ್ಲೇ ನಿಲ್ಲಬೇಡಿ. ಕನ್ನಡಕ್ಕೆ 1894ರ ಕಿಟ್ಟೆಲ್ ನಿಘಂಟು ಇವತ್ತಿಗೂ ಒಳ್ಳೆಯ ಗೆಳೆಯ. ಹಳೆಯ ಪ್ರಯೋಗಗಳು ಬೇಕಿದ್ದರೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು. ದ್ರಾವಿಡ ಭಾಷೆಗಳ ಪದಗಳನ್ನು ಒಟ್ಟಿಗೆ ನೋಡಲು ಬರೋ ಮತ್ತು ಎಮೆನೊ ಅವರ ನಿಷ್ಪತ್ತಿ ನಿಘಂಟು. ಅದು ಷಿಕಾಗೊ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಗ್ರೀಕಿಗೆ ಲಿಡೆಲ್-ಸ್ಕಾಟ್, ಪದಮೂಲಕ್ಕೆ 2010ರ ಬೀಕ್ಸ್ ನಿಘಂಟು. ಈಜಿಪ್ಟಿನ ಭಾಷೆಗೆ ಬರ್ಲಿನ್‌ನವರ ಆನ್‌ಲೈನ್ ಪದಕೋಶ. ಮೆಸೊಪೊಟೇಮಿಯಾದ (ಇವತ್ತಿನ ಇರಾಕ್ ಕಡೆಯ) ಹಳೆಯ ಭಾಷೆ ಅಕ್ಕಾಡಿಯನ್‌ಗೆ ಷಿಕಾಗೊದವರೇ 1921ರಲ್ಲಿ ಶುರು ಮಾಡಿ 2011ರಲ್ಲಿ ಮುಗಿಸಿದ ನಿಘಂಟು. ತೊಂಬತ್ತು ವರ್ಷದ ಕೆಲಸ, ನಮಗೆ ಒಂದು ಕ್ಲಿಕ್ಕು.

ನಿಘಂಟಿನಲ್ಲಿ ಮೊದಲು ನೋಡಬೇಕಾದದ್ದು ಅರ್ಥವನ್ನಲ್ಲ, ಆ ಪದ ಮೊದಲು ಎಲ್ಲಿ, ಯಾವಾಗ ಸಿಕ್ಕಿತು ಎಂಬುದನ್ನು.

ಹೆಜ್ಜೆ 3: ಲಿಪಿ ಏನನ್ನು ಮುಚ್ಚಿಡುತ್ತದೆ ಅಂತ ತಿಳಿಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಈಜಿಪ್ಟಿನ ಚಿತ್ರಲಿಪಿಯಲ್ಲಿ ಸ್ವರಗಳನ್ನು ಬರೆಯುತ್ತಿರಲಿಲ್ಲ, ಬರೀ ವ್ಯಂಜನಗಳು. ಅದು ಎಂಥ ತೊಂದರೆ ಎಂದು ಕನ್ನಡದಲ್ಲೇ ನೋಡಿ. 'ಮ್-ರ್' ಎಂದಷ್ಟೇ ಬರೆದರೆ ಅದು ಮರವೋ, ಮರಿಯೋ, ಮೊರವೋ, ಮೂರೋ, ಮಾರಿಯೋ, ಮೇರೆಯೋ? ಈಜಿಪ್ಟಿನಲ್ಲೂ ಇದೇ ಕಥೆ. ಅವರ 'ಮ್-ರ್' ಎಂದರೆ ಪಿರಮಿಡ್, ಕಾಲುವೆಯೂ ಹೌದು, ಕಾಯಿಲೆಯೂ ಹೌದು. ಯಾವುದು ಎಂದು ಪಕ್ಕದ ಚಿತ್ರ ಹೇಳುತ್ತದೆ. ಪುಸ್ತಕಗಳಲ್ಲಿ 'ಮೆರ್', 'ನೆಫರ್' ಎಂದು ಕಾಣುವ 'ಎ' ಸ್ವರವನ್ನು ಇವತ್ತಿನ ವಿದ್ವಾಂಸರು ಬಾಯಿಗೆ ಸುಲಭವಾಗಲಿ ಎಂದು ಸೇರಿಸಿಕೊಂಡದ್ದು. ಆ 'ಎ' ಮೇಲೆ ಯಾವ ಮನೆಯನ್ನೂ ಕಟ್ಟಬೇಡಿ.

ಹಾಗಾದರೆ ಸ್ವರ ಸಿಗುವುದು ಎಲ್ಲಿಂದ? ಕಾಪ್ಟಿಕ್‌ನಿಂದ. ಅದು ಈಜಿಪ್ಟಿನ ಭಾಷೆಯ ಕೊನೆಯ ರೂಪ, ಅಲ್ಲಿನ ಕ್ರೈಸ್ತರದು. ಗ್ರೀಕ್ ಅಕ್ಷರಗಳಿಗೆ ಕೆಲವು ಹಳೆಯ ಚಿಹ್ನೆ ಸೇರಿಸಿ ಬರೆದದ್ದರಿಂದ ಸ್ವರ ಉಳಿಯಿತು. ಒಂದೇ ಬರಹ ಚಿತ್ರಲಿಪಿಯಲ್ಲೂ ಗ್ರೀಕಿನಲ್ಲೂ ಇರುವ, 1799ರಲ್ಲಿ ಸಿಕ್ಕ ರೊಸೆಟ್ಟಾ ಕಲ್ಲನ್ನು ಇಟ್ಟುಕೊಂಡು ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯೊ 1822ರಲ್ಲಿ ಚಿತ್ರಲಿಪಿಯ ಬೀಗ ತೆಗೆದದ್ದಕ್ಕೆ ಅವನಿಗೆ ಕಾಪ್ಟಿಕ್ ಚೆನ್ನಾಗಿ ಬರುತ್ತಿದ್ದುದೂ ಒಂದು ದೊಡ್ಡ ಕಾರಣ.

ಈಗ ಒಂದು ಪದವನ್ನು ಪೂರ್ತಿ ಹಿಡಿಯೋಣ. ಕೆಮಿಸ್ಟ್ರಿ ಕ್ಲಾಸಿನಲ್ಲಿ ಎಲ್ಲರೂ ಕೇಳಿದ ಪ್ರಶ್ನೆ: ಸೋಡಿಯಂಗೆ 'ಎನ್‌ಎ' ಅಂತ ಯಾಕೆ ಬರೆಯುತ್ತಾರೆ? ಯುರೋಪಿನಲ್ಲಿ ಅದರ ಇನ್ನೊಂದು ಹೆಸರು ನೇಟ್ರಿಯಮ್, ಅದಕ್ಕೆ. ಅದು ಬಂದದ್ದು 'ನೇಟ್ರಾನ್' ಎಂಬ ಸೋಡಾ ಉಪ್ಪಿನ ಹೆಸರಿನಿಂದ. ನೇಟ್ರಾನ್ ಅರಬ್ಬಿಯ 'ನತ್ರೂನ್', ಅದು ಗ್ರೀಕಿನ 'ನಿತ್ರೊನ್'. ಗ್ರೀಕರು ಅದನ್ನು ಪಡೆದದ್ದು ಈಜಿಪ್ಟಿನಿಂದ. ಕೈರೊ ಮತ್ತು ಅಲೆಕ್ಸಾಂಡ್ರಿಯದ ನಡುವೆ ವಾದಿ ನತ್ರೂನ್ ಎಂಬ ತಗ್ಗು ಇದೆ. ಅಲ್ಲಿನ ಒಣಗಿದ ಕೆರೆಗಳ ಬಿಳಿ ಉಪ್ಪನ್ನು ಹೆಣ ಒಣಗಿಸಿ ಮಮ್ಮಿ ಮಾಡಲು ಬಳಸುತ್ತಿದ್ದರು.

ಈಜಿಪ್ಟಿನ ರೂಪ ಹೆಚ್ಚು ಕಡಿಮೆ 'ನ್-ಚ್-ರ್-ಯ್'. ನಡುವಿನ ಅಕ್ಷರ ಮೊದಲು 'ಚ'ದ ಹತ್ತಿರದ ಧ್ವನಿ, ಕಾಲ ಕಳೆದಂತೆ 'ತ' ಆಯಿತು. ಗ್ರೀಕ್ ನಿತ್ರೊನ್, ಹೀಬ್ರೂ 'ನೆತೆರ್', ಎರಡರಲ್ಲೂ 'ತ' ಇದೆ. ಅಂದರೆ ಚ ಹೋಗಿ ತ ಆದ ಮೇಲೆಯೇ ಈ ಪದ ಹೊರಗೆ ಹೋಗಿದೆ. ತಾರೀಖು ಬರೆಯದ ಕಾಗದದ ಮೇಲೆ ಅಂಚೆ ಮುದ್ರೆ ಸಿಕ್ಕಂತೆ ಇದು.

ಇನ್ನೊಂದು ತಮಾಷೆ. ಇದೇ ನಿತ್ರೊನ್ ಲ್ಯಾಟಿನ್‌ನಲ್ಲಿ 'ನೈಟ್ರಮ್' ಆಗಿ, ಪೆಟ್ಲುಪ್ಪಿಗೆ ಅಂಟಿಕೊಂಡು, 1790ರಲ್ಲಿ ನೈಟ್ರೋಜನ್ ಎಂಬ ಹೆಸರಿಗೆ ದಾರಿಯಾಯಿತು. ಆವರ್ತಕ ಕೋಷ್ಟಕದಲ್ಲಿ 7ನೇ ಮನೆಯ 'ಎನ್', 11ನೇ ಮನೆಯ 'ಎನ್‌ಎ', ಎರಡೂ ಒಂದೇ ಈಜಿಪ್ಟ್ ಪದದ ಮೊಮ್ಮಕ್ಕಳು. ನಮ್ಮ ಮೇಷ್ಟ್ರು ಇದನ್ನು ಹೇಳಿದ್ದರೆ ನಾನು ಆ ಕೋಷ್ಟಕವನ್ನು ಇನ್ನೂ ಸ್ವಲ್ಪ ಪ್ರೀತಿಯಿಂದ ಕಲಿಯುತ್ತಿದ್ದೆನೋ ಏನೋ.

ಗ್ರೀಕ್ ಮುಟ್ಟದೆ ಹೋದ ದಾರಿಯೂ ಇದೆ. ಈಜಿಪ್ಟಿನ 'ಜ್-ಬ್-ತ್' ಎಂದರೆ ಇಟ್ಟಿಗೆ. ಕಾಪ್ಟಿಕ್‌ನಲ್ಲಿ 'ತೋಬೆ', ಅರಬ್ಬಿಯಲ್ಲಿ 'ತೂಬ್'. ಅದಕ್ಕೆ ಅರಬ್ಬಿಯ 'ಅಲ್' (ಇಂಗ್ಲಿಷಿನ 'ದಿ' ಇದ್ದ ಹಾಗೆ) ಸೇರಿ 'ಅತ್ತೂಬ್', ಸ್ಪೇನಿನಲ್ಲಿ 'ಅಡೋಬೆ', ಅಂದರೆ ಹಸಿ ಇಟ್ಟಿಗೆ. ಫೋಟೋಶಾಪ್ ಮಾಡುವ ಅಡೋಬಿ ಕಂಪನಿಗೆ ಆ ಹೆಸರು ಬಂದದ್ದು ಕ್ಯಾಲಿಫೋರ್ನಿಯಾದ ಒಂದು ಹಳ್ಳದಿಂದ. ಆ ಹಳ್ಳಕ್ಕೆ ಹೆಸರು ಕೊಟ್ಟದ್ದು ಈ ಇಟ್ಟಿಗೆ. 'ಅಲ್' ಅಂಟಿದೆಯೇ ಎಂದು ನೋಡುವುದು ಸ್ಪೇನ್ ಮೂಲಕ ಬಂದ ಪದಗಳಲ್ಲಿ ಮೊದಲ ಕೆಲಸ.

ಗ್ರೀಕಿನಲ್ಲಿ ಬಾಲ ಕತ್ತರಿಸಬೇಕು. ಕೊನೆಯ ಒಸ್, ಒನ್, ಇಸ್ ಎಲ್ಲ ವಿಭಕ್ತಿ. 'ಐಗುಪ್ತೊಸ್' ಎಂಬುದರಿಂದ ಒಸ್ ತೆಗೆದರೆ 'ಐಗುಪ್ತ್' ಉಳಿಯುತ್ತದೆ. ಇದು ಮೆಂಫಿಸ್ ನಗರದ ಪ್ತಾ ದೇವರ ಗುಡಿಯ ಹೆಸರು, 'ಹುತ್-ಕಾ-ಪ್ತಾ'. ಊಹೆ ಅಂತೀರಾ? ಕ್ರೀಟ್ ದ್ವೀಪದ ಕ್ನೊಸೊಸ್‌ನಲ್ಲಿ ಸಿಕ್ಕ, 3,000 ವರ್ಷಕ್ಕೂ ಹಳೆಯ ಮಣ್ಣಿನ ಹಲಗೆಯಲ್ಲಿ 'ಅ-ಕು-ಪಿ-ತಿ-ಯೊ' ಎಂದು ಒಬ್ಬ ಮನುಷ್ಯನ ಹೆಸರಿದೆ, 'ಈಜಿಪ್ಟಿನವನು' ಎಂದು. 1952ರಲ್ಲಿ ಮೈಕೆಲ್ ವೆಂಟ್ರಿಸ್ ಆ ಲಿಪಿ ಓದಿದ ಮೇಲೆ ಹಲವು ಪದಗಳ ವಯಸ್ಸು ಒಮ್ಮೆಲೇ ನೂರಾರು ವರ್ಷ ಹಿಂದಕ್ಕೆ ಹೋಯಿತು. ಎಳ್ಳು 'ಸ-ಸ-ಮ', ಬಂಗಾರ 'ಕು-ರು-ಸೊ', ಜೀರಿಗೆ 'ಕು-ಮಿ-ನೊ' ಎಂದು ಆ ಹಲಗೆಗಳಲ್ಲಿವೆ. ಮೂರೂ ಪಶ್ಚಿಮ ಏಷ್ಯಾದ ಸೆಮಿಟಿಕ್ ಭಾಷೆಗಳ ಕಡೆಯಿಂದ ಬಂದವು. ಕಿರಾಣಿ ಅಂಗಡಿ ಪಟ್ಟಿಯ ಹಾಗಿವೆ, ಅಲ್ವಾ? ಸಾಲ ತಂದ ಪದಗಳು ಜಾಸ್ತಿ ಸಿಗುವುದು ಸರಕಿನ ಪಟ್ಟಿಯಲ್ಲೇ.

ಹೆಜ್ಜೆ 4: ಧ್ವನಿ ನಿಯಮ

ಭಾಷೆಯಲ್ಲಿ ಧ್ವನಿಗಳು ಮನಸ್ಸಿಗೆ ಬಂದಂತೆ ಬದಲಾಗುವುದಿಲ್ಲ. ಸಾಲಾಗಿ ಬದಲಾಗುತ್ತವೆ. ನಮ್ಮಲ್ಲಿ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪೊಸತು ಹೊಸತಾಯಿತು. ಇದು ಸುಮಾರು 10ನೇ ಶತಮಾನದಿಂದ 14ರ ಒಳಗೆ ಹಬ್ಬಿದ ಬದಲಾವಣೆ. ಈ ಒಂದು ನಿಯಮ ಗೊತ್ತಿದ್ದರೆ ಕಿಸೆಯಲ್ಲಿ ಗಡಿಯಾರ ಇದ್ದ ಹಾಗೆ. 'ಪುಸ್ತಕ' ನಮ್ಮಲ್ಲಿ ಎರಡು ಸಲ ಬಂದಿದೆ. ಒಂದು ಸಲ ಪ್ರಾಕೃತದ ಮೂಲಕ ಬೇಗ ಬಂದು, 'ಪ' ಹೋಗಿ 'ಹ' ಬಂದು, 'ಹೊತ್ತಗೆ' ಆಯಿತು. ಇನ್ನೊಂದು ಸಲ ಸಂಸ್ಕೃತದಿಂದ ನೇರವಾಗಿ ಬಂದು ಪುಸ್ತಕವಾಗಿಯೇ ಉಳಿಯಿತು.

ಈಗ ಹಿಪ್ಪಲಿ ನೋಡಿ. ಅಜ್ಜಿಯರು ಕೆಮ್ಮಿಗೆ ಕಷಾಯ ಮಾಡುತ್ತಿದ್ದ ಉದ್ದನೆಯ ಮೆಣಸು. ಅದು ಪಿಪ್ಪಲಿ. ಅದೇ ಪಿಪ್ಪಲಿ ಪಶ್ಚಿಮಕ್ಕೆ ಹೋಗಿ ಗ್ರೀಕಿನಲ್ಲಿ 'ಪೆಪೆರಿ', ಲ್ಯಾಟಿನ್‌ನಲ್ಲಿ 'ಪಿಪೆರ್', ಇಂಗ್ಲಿಷಿನಲ್ಲಿ 'ಪೆಪ್ಪರ್'. ಹಿಪ್ಪಲಿಗೂ ಪೆಪ್ಪರ್‌ಗೂ ಮೊದಲ ಅಕ್ಷರವೇ ಹೊಂದುವುದಿಲ್ಲ. ಕಿವಿಗೆ ನೆಂಟರು ಅನ್ನಿಸುವುದೇ ಇಲ್ಲ. ಆದರೂ ಅವು ನಿಜವಾದ ನೆಂಟರು, ಯಾಕೆಂದರೆ ಎಲ್ಲಿ ಏನು ಬದಲಾಯಿತು ಎಂದು ತೋರಿಸಬಹುದು. ಪಕ್ಕಾ ನೆಂಟರು ಸಾಮಾನ್ಯವಾಗಿ ಒಂದೇ ಥರ ಕಾಣುವುದಿಲ್ಲ. ಪೂರ್ತಿ ಒಂದೇ ಥರ ಕಂಡರೆ ನನಗೆ ಅನುಮಾನ ಶುರುವಾಗುತ್ತದೆ.

ಇನ್ನೊಂದು ನಿಯಮ: ದ್ರಾವಿಡದ 'ವ' ಪದದ ಮೊದಲಲ್ಲಿ ಕನ್ನಡದಲ್ಲಿ 'ಬ'. ತಮಿಳಿನ ವೇರ್, ವಾಯ್, ವಿರಲ್ ನಮ್ಮಲ್ಲಿ ಬೇರು, ಬಾಯಿ, ಬೆರಳು. ಗ್ರೀಕರ 'ಜಿಂಗಿಬೆರಿಸ್', ಅಂದರೆ ಶುಂಠಿ, ಇಲ್ಲಿಗೆ ಬಂದು ಸೇರುತ್ತದೆ. ಅದು ಪಾಲಿಯ 'ಸಿಂಗಿವೇರ'. ಅದರೊಳಗೆ ಇರುವುದು ದ್ರಾವಿಡದ ಇಂಚಿ (ತಮಿಳು, ಮಲಯಾಳಗಳಲ್ಲಿ ಶುಂಠಿ) ಮತ್ತು ವೇರ್. ಸಂಸ್ಕೃತದಲ್ಲಿ ಅದನ್ನು 'ಶೃಂಗವೇರ' ಎಂದು ತಿದ್ದಿ, ಕೊಂಬಿನ ಹಾಗೆ ಇದೆಯಲ್ಲ ಅದಕ್ಕೆ ಎಂದು ಅರ್ಥ ಕೊಟ್ಟರು. ಇಂಗ್ಲಿಷಿನ 'ಜಿಂಜರ್' ಎಂಬುದರ ಕೊನೆಯ 'ಅರ್' ನಮ್ಮ ಬೇರಿನ ತುಂಡು!

ಹೆಜ್ಜೆ 5: ಪದದ ಜೊತೆ ವಸ್ತುವನ್ನೂ ಹುಡುಕಿ

ಪದ ಹಾರಿ ಬರುವುದಿಲ್ಲ. ಯಾರೋ ಹೊತ್ತು ತರಬೇಕು. ಪೆಪೆರಿಗೆ ಸಾಕ್ಷಿ ನೆಲದಲ್ಲೇ ಇದೆ. ಈಜಿಪ್ಟಿನ ಕೆಂಪು ಸಮುದ್ರದ ಬೆರೆನಿಕೆ ಬಂದರಿನ ಗುಡಿಯಲ್ಲಿ ಭಾರತದಲ್ಲಿ ಮಾಡಿದ ಹಂಡೆ ಸಿಕ್ಕಿದೆ, ಒಳಗೆ ಸುಮಾರು 7.5 ಕಿಲೋ ಕಾಳುಮೆಣಸು. ಅದೇ ಕರಾವಳಿಯಲ್ಲಿ ಬ್ರಾಹ್ಮಿ ಲಿಪಿಯಲ್ಲಿ ತಮಿಳು ಬರೆದ ಮಡಕೆ ಚೂರುಗಳೂ ಸಿಕ್ಕಿವೆ. ಹೆಸರು ಹೋದ ದಾರಿಯಲ್ಲೇ ಸರಕೂ ಹೋಗಿದೆ.

ಕೆಲವು ಸಲ ಹೆಸರು ಒಬ್ಬರದು, ವಸ್ತು ಇನ್ನೊಬ್ಬರದು. ಜಾತಕ ಬರೆಯುವವರು 'ದ್ರೇಕ್ಕಾಣ' ಅನ್ನುತ್ತಾರೆ, ರಾಶಿಯ ಮೂರನೇ ಒಂದು ಪಾಲು, 10 ಡಿಗ್ರಿ. ಪದ ಗ್ರೀಕಿನ 'ದೆಕಾನೊಸ್', 'ದೆಕ' ಅಂದರೆ ಹತ್ತು. ಆದರೆ ಆಕಾಶವನ್ನು 36 ಪಾಲು ಮಾಡುವ ಲೆಕ್ಕ ಈಜಿಪ್ಟಿನದು. ಸುಮಾರು 4,000 ವರ್ಷ ಹಿಂದೆ ಅವರು ಶವಪೆಟ್ಟಿಗೆಯ ಮುಚ್ಚಳದ ಒಳಗೆ ಆ 36 ನಕ್ಷತ್ರಗಳ ಪಟ್ಟಿ ಬರೆಯುತ್ತಿದ್ದರು. ಈಜಿಪ್ಟಿನ ಯೋಚನೆ, ಗ್ರೀಕ್ ಹೆಸರು, ಸಂಸ್ಕೃತದ ಉಡುಪು, ನಮ್ಮೂರ ಜೋಯಿಸರ ಬಾಯಿ. ನೋಟ್‌ಬುಕ್ಕಿನಲ್ಲಿ ಇಂಥದ್ದಕ್ಕೆ ಎರಡು ಬೇರೆ ಬೇರೆ ಸಾಲು ಬೇಕು.

ಗ್ರೀಕರು ಈಜಿಪ್ಟಿನ ದೊಡ್ಡ ದೊಡ್ಡ ವಸ್ತುಗಳಿಗೆ ಇಟ್ಟ ಹೆಸರು ನೋಡಿದರೆ ನಗು ಬರುತ್ತದೆ. ಮುಗಿಲೆತ್ತರದ ಕಲ್ಲುಕಂಬಕ್ಕೆ 'ಒಬೆಲಿಸ್ಕೊಸ್', ಅಂದರೆ ಸಣ್ಣ ಕಬಾಬ್ ಕಡ್ಡಿ. ಪಿರಮಿಡ್ ಎಂಬುದೂ ಈಜಿಪ್ಟ್ ಪದ ಅಲ್ಲ. ಗ್ರೀಕರಲ್ಲಿ ಒಂದು ಗೋಧಿ ತಿಂಡಿಗೆ ಹತ್ತಿರದ ಹೆಸರಿತ್ತು, ಅದರಿಂದಲೇ ಬಂದಿರಬಹುದು. ಇದು ಪೆನ್ಸಿಲ್.

ಹೆಜ್ಜೆ 6: ಬಲೆಗಳು

ಈಗ ವಾಟ್ಸಾಪ್‌ಗೆ ಬರೋಣ. ಈ ನಾಲ್ಕೂ ನನ್ನ ಫೋನಿಗೆ ಬಂದಿವೆ, ಒಂದನ್ನು ನಾನೇ ಕಳಿಸಿದ್ದೆ.

'ರಾಮ್ಸೆಸ್ ಅಂದರೆ ರಾಮ.' ಕೀಲು ಎಲ್ಲಿದೆ ನೋಡದೆ ಕತ್ತರಿಸಿದ ತಪ್ಪು. ಆ ಹೆಸರು ರಾ, ಮೆಸ್, ಸು: 'ರಾ ದೇವರು ಹುಟ್ಟಿಸಿದವನು'. ಅದೇ 'ಮೆಸ್' ಅಹ್ಮೋಸ್, ಥುಟ್ಮೋಸ್ ಹೆಸರುಗಳಲ್ಲೂ ಇದೆ. ಬೆಂಗಳೂರನ್ನು 'ಬೆಂಗ' ಮತ್ತು 'ಳೂರು' ಎಂದು ಮುರಿದರೆ ಹೇಗಿರುತ್ತದೋ ಹಾಗೆ.

'ರಾ ಎಂದರೆ ರವಿ.' ಈಜಿಪ್ಟಿನಲ್ಲಿ ರಾ ಎಂಬುದರ ಕೊನೆಗೆ ಗಂಟಲಿನ ಒಂದು ವ್ಯಂಜನ ಇದೆ, ಅರಬ್ಬಿಯ 'ಐನ್' ಥರ. 'ವ' ಇಲ್ಲ. ಮಧ್ಯದ ಸ್ವರವೂ ಆ ಅಲ್ಲ. 14ನೇ ಶತಮಾನ ಕ್ರಿ.ಪೂ.ದ ಮಣ್ಣಿನ ಪತ್ರಗಳಲ್ಲಿ ಒಬ್ಬ ಫೇರೋನ (ಈಜಿಪ್ಟಿನ ರಾಜನ) ಹೆಸರು 'ನಿಮ್ಮುರಿಯ' ಎಂದು ಬರುತ್ತದೆ, ಕೊನೆಯ 'ರಿಯ' ಅದೇ ಸೂರ್ಯ. ಕಾಪ್ಟಿಕ್‌ನಲ್ಲಿ ಅದು 'ರೇ'. ಉಳಿದದ್ದು 'ರ' ಒಂದೇ. ಒಂದು ಅಕ್ಷರಕ್ಕೆ ನೆಂಟಸ್ತಿಕೆ ಮಾಡಲಾಗುತ್ತದಾ?

'ಮಿಸ್ರ್ ದೇಶ ಮಿಶ್ರರದು.' ಅರಬ್ಬಿಯ ಮಿಸ್ರ್, ಹೀಬ್ರೂವಿನ ಮಿಸ್ರಯಿಮ್, ಅಕ್ಕಾಡಿಯನ್ನಿನ ಮಿಸ್ರಿ ಎಲ್ಲ ಈಜಿಪ್ಟಿಗೆ ನೆರೆಯವರು ಇಟ್ಟ ಹೆಸರು. ಫೇರೋಗಳ ಕಾಲದವರು ತಮ್ಮ ನಾಡನ್ನು ಕರೆಯುತ್ತಿದ್ದದ್ದು 'ಕ್-ಮ್-ತ್', ಕರಿಮಣ್ಣಿನ ನಾಡು ಎಂದು.

'ಸುಮೇರಿಯನ್ನರ ಉರ್ ನಮ್ಮ ಊರು.' ಇದನ್ನು ಕಳಿಸಿದವನು ನಾನು. ಆ ನಗರಕ್ಕೆ ಸುಮೇರಿಯನ್ ಹೆಸರು 'ಉರಿಮ್'. ಸರಿ, 'ಉರು' ಎಂದರೆ ಅವರಲ್ಲಿ ನಗರವೇ, ಅದು ನಿಜ. ಹಾಗಾದರೆ ಇನ್ನಷ್ಟು ಪದ ಹೊಂದಬೇಕಲ್ಲ? ಸುಮೇರಿಯನ್ನಿನಲ್ಲಿ ನೀರು 'ಅ', ಕಣ್ಣು 'ಇಗಿ', ಕೈ 'ಶು', ಎರಡು 'ಮಿನ್', ಮೂರು 'ಎಶ್'. ಒಂದೂ ಹತ್ತಿರ ಬರಲಿಲ್ಲ. ಗುಂಪಿನಲ್ಲಿ ತಿದ್ದುಪಡಿ ಹಾಕಿದೆ, ಯಾರೂ ಓದಲಿಲ್ಲ. ಮೊದಲಿನದ್ದಕ್ಕೆ ಇಪ್ಪತ್ತು ಜನ ಕೈ ಮುಗಿದಿದ್ದರು.

ಈ ಚಟ ಹೊಸದೇನಲ್ಲ. 'ಹೋರಾ' ಗ್ರೀಕಿನ 'ಹೋರ', ಇಂಗ್ಲಿಷಿನ 'ಅವರ್' ಎಂಬುದರ ಅಜ್ಜಿ. ಆದರೆ 'ಅಹೋರಾತ್ರ'ದ ಮೊದಲ ಕೊನೆಯ ಅಕ್ಷರ ತೆಗೆದರೆ ಹೋರಾ ಎಂದು ಕೆಲವರು ಹೇಳುತ್ತಾರೆ ಎಂಬುದನ್ನು 6ನೇ ಶತಮಾನದಲ್ಲೇ ವರಾಹಮಿಹಿರ ಬರೆದಿಟ್ಟಿದ್ದಾನೆ.

ಹೆಜ್ಜೆ 7: ಎಲ್ಲ ಹೆಜ್ಜೆಗಳನ್ನೂ ಒಂದು ಕಷ್ಟದ ಪದದ ಮೇಲೆ ಹಾಕಿ ನೋಡಿ

ಕನ್ನಡಿಗರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬದಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಂಗ್ಲಿಷ್ ವಿದ್ವಾಂಸರು ರಾಶಿ ರಾಶಿ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಾಳೆ, ಅಗೆದು ತೆಗೆದರು. 1903ರಲ್ಲಿ ಅಚ್ಚಾದ 413ನೇ ನಂಬರಿನದು ಒಂದು ಗ್ರೀಕ್ ಪ್ರಹಸನ, 2ನೇ ಶತಮಾನದ್ದು. ಖಾರಿಟಿಯೊನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ಒಬ್ಬ ರಾಜನ ಕೈಯಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳ ಅಣ್ಣ ಬಂದು, ರಾಜನಿಗೂ ಅವನ ಜನಕ್ಕೂ ನೀರು ಬೆರೆಸದ ವೈನ್ ಕುಡಿಸಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ರಾಜನ ಕಡೆಯವರು ಗ್ರೀಕ್ ಅಲ್ಲದ ಮಾತಾಡುತ್ತಾರೆ. 1904ರಲ್ಲಿ ಶಾಸನತಜ್ಞ ಹುಲ್ಷ್ ಇದು ಕನ್ನಡ ಇರಬಹುದು ಎಂದರು. ನಮ್ಮಲ್ಲಿ ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ಇದರ ಮೇಲೆ ಬರೆದರು. 1926ರಲ್ಲಿ ಬಾರ್ನೆಟ್ ಇದು ಕನ್ನಡ ಅಲ್ಲ ಎಂದು ವಾದಿಸಿದರು. ತುಳು ಎಂದವರೂ ಇದ್ದಾರೆ.

ಒಂದು ಸಾಲು ತೆಗೆದುಕೊಳ್ಳಿ. ಗ್ರೀಕ್ ಅಕ್ಷರಗಳಲ್ಲಿ ಇರುವುದು ಹೀಗೆ: ಬೆರೆ ಕೊಂಜೆಯಿ ದಮುನ್ ಪೆತ್ರೆಕಿಯೊ ಪಕ್ತೆಯಿ. ಕನ್ನಡ ಎಂದವರು ಓದಿದ್ದು ಹೀಗೆ: ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ. ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಈಗ ಕೆಂಪು ಪೆನ್ನು ಹಿಡಿದು ಎಷ್ಟು ಅಕ್ಷರ ಕದಲಿಸಿದ್ದೇವೆ ಎಂದು ಎಣಿಸಿ.

'ಬೆರೆ' ಸಲೀಸಾಗಿ ಹೊಂದುತ್ತದೆ. ಮೇಲಾಗಿ 'ಬ' ಇದೆ, ತಮಿಳಿನ ಹಾಗೆ 'ವ' ಅಲ್ಲ. ಖುಷಿಪಡುವ ಮೊದಲು ತಡೆಯಿರಿ. ಗ್ರೀಕಿನಲ್ಲಿ ವ ಅಕ್ಷರ ಇಲ್ಲ. ನಮ್ಮ ವೇರ್ ಅವರಿಗೆ 'ಬೆರಿ' ಆದದ್ದನ್ನು ಶುಂಠಿಯಲ್ಲೇ ನೋಡಿದೆವು. ಹಾಗಾಗಿ ಈ 'ಬೆರೆ' ಅವರ ಕಿವಿಗೆ ಬಿದ್ದ 'ವೇರೆ'ಯೂ ಆಗಿರಬಹುದು. ಆದರೆ ಅದೇ ಶತಮಾನದಲ್ಲಿ, ಅದೇ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಕೂತು ಭೂಗೋಳ ಬರೆದ ಟಾಲೆಮಿ ನಮ್ಮ ಬನವಾಸಿಯನ್ನು 'ಬನೌಅಸೆಯಿ' ಎಂದು ಬರೆದ. ಮೊದಲ ಅಕ್ಷರಕ್ಕೆ ಬೀಟಾ (ಗ್ರೀಕಿನ 'ಬ'), ನಡುವಿನ 'ವಾ'ಕ್ಕೆ ಬೇರೆಯೇ ಅಕ್ಷರಗಳು. ಒಂದೇ ಹೆಸರಿನಲ್ಲಿ ಎರಡು ಥರ ಬರೆದಿದ್ದಾನೆ ಎಂದರೆ ಅವನಿಗೆ ಸುದ್ದಿ ಕೊಟ್ಟವರ ಬಾಯಲ್ಲಿ ಎರಡೂ ಬೇರೆ ಧ್ವನಿ ಇದ್ದಿರಬೇಕು. ಸಣ್ಣ ಸುಳಿವು. ಪೆನ್ಸಿಲ್.

'ಪೆತ್ರೆಕಿಯೊ'ದಿಂದ 'ಪಾತ್ರಕ್ಕೆ' ಆಗಲು ಸ್ವರಗಳನ್ನು ಬದಲಿಸಬೇಕು, ವ್ಯಂಜನಗಳು ನಿಲ್ಲುತ್ತವೆ. 'ಪಕ್ತೆಯಿ' ಎಂಬುದರ 'ಪ' ನನಗೆ ಇಷ್ಟ. ಆ ಕಾಲಕ್ಕೆ 'ಹ' ಬಂದಿದ್ದರೆ ಗಡಿಯಾರ ತಪ್ಪಾಗುತ್ತಿತ್ತು. ಆದರೆ ನಡುವೆ 'ತ' ಯಾಕಿದೆ? ಇನ್ನು 'ದಮುನ್' ಮಧು ಆಗಬೇಕಾದರೆ ಎರಡು ಅಕ್ಷರ ಜಾಗ ಬದಲಿಸಬೇಕು, ಕೊನೆಯ 'ನ'ವನ್ನು ಬೀಳಿಸಬೇಕು. ಇದು ನನ್ನ ಮಟ್ಟಿಗೆ ಜಾಸ್ತಿಯಾಯಿತು.

ಇನ್ನೊಂದು ಉದ್ದನೆಯ ಸಾಲನ್ನು 'ಎತ್ತುವೆನು' ಎಂದು ಮುಗಿಸುತ್ತಾರೆ. ಹಳಗನ್ನಡದಲ್ಲಿ ನಾವು ನೋಡುವುದು 'ಎತ್ತುವೆಂ'. 'ಎನು' ಆಮೇಲಿನದು. ಸಿಕ್ಕಿರುವ ಅತಿ ಹಳೆಯ ಕನ್ನಡ ಶಾಸನಗಳೇ 4-5ನೇ ಶತಮಾನದವು, ನಾಟಕ ಅದಕ್ಕಿಂತ ಇನ್ನೂರು ವರ್ಷ ಹಳೆಯದು. ಹೋಲಿಸಿ ನೋಡಲು ಆ ಕಾಲದ ಕನ್ನಡವೇ ಕೈಯಲ್ಲಿಲ್ಲ. ಜೊತೆಗೆ ಪಪೈರಸ್‌ನಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಎಲ್ಲಿ ಕಡಿಯಬೇಕು ಎನ್ನುವುದೂ ನಮ್ಮದೇ ತೀರ್ಮಾನ. ಗ್ರೀಕ್ ಪ್ರಹಸನಗಳಲ್ಲಿ ವಿದೇಶಿಯರಿಗೆ ಸುಮ್ನೆ ಬಡಬಡಿಸುವ ಮಾತು ಕೊಟ್ಟು ನಗಿಸುವ ಅಭ್ಯಾಸವೂ ಇತ್ತು.

ವಸ್ತುವಿನ ಸಾಕ್ಷಿ ಮಾತ್ರ ಗಟ್ಟಿ. ಗ್ರೀಕ್ ಹಡಗುಗಳು ಈ ಕಡಲಿಗೆ ಬರುತ್ತಿದ್ದವು, ವೈನ್ ತರುತ್ತಿದ್ದವು. ಆ ದೃಶ್ಯದಲ್ಲಿ ನಿಜಕ್ಕೂ ಕುಡಿಯುವ ಮಾತೇ ನಡೆಯುತ್ತಿದೆ. ನಾವಿಕನೊಬ್ಬ ಕರಾವಳಿಯಲ್ಲಿ ಕೇಳಿದ ನಾಲ್ಕು ಪದ ಅಲೆಕ್ಸಾಂಡ್ರಿಯದ ರಂಗಕ್ಕೆ ಬಂದಿರಬಹುದು, ಬರುವಾಗ ತಿರುಚಿರಲೂಬಹುದು.

ನೀವೇ ಮಾಡಿ ನೋಡಿ. ಆ ಗ್ರೀಕ್ ಸಾಲನ್ನು ಅರ್ಥ ಹೇಳದೆ ಒಬ್ಬ ತುಳು ಗೆಳೆಯನಿಗೆ, ಒಬ್ಬ ತಮಿಳು ಗೆಳತಿಗೆ ಕೊಡಿ. ಅವರು ಎಷ್ಟು ಅಕ್ಷರ ಕದಲಿಸಿ ಏನು ಓದುತ್ತಾರೆ ಎಂದು ಬರೆದುಕೊಳ್ಳಿ. ನಿಮ್ಮ ಕನ್ನಡ ಓದಿಗೆ ಅವರಿಗಿಂತ ಕಡಿಮೆ ಕದಲಿಸಬೇಕಾಗಿ ಬಂದರೆ ಮಾತ್ರ ಅದಕ್ಕೆ ಒಂದು ಅಂಕ ಜಾಸ್ತಿ.

ನನ್ನ ನೋಟ್‌ಬುಕ್ಕಿನಲ್ಲಿ ಆ ಸಾಲು ಇದೆ. 'ಬೆರೆ' ಮತ್ತು 'ಪೆತ್ರೆಕಿಯೊ' ಸ್ವಲ್ಪ ಒತ್ತಿ ಬರೆದಿದ್ದೇನೆ, 'ದಮುನ್' ಪಕ್ಕ ಪ್ರಶ್ನೆ ಚಿಹ್ನೆ. ಎಲ್ಲವೂ ಪೆನ್ಸಿಲ್.